ಶಾಖ ಎಲ್ಲಿ ಸಿಕ್ಕಿಕೊಂಡಿದೆ?

ಮನೆಯ ಬಿಸಿ-ತಂಪು ಸಾಧನಗಳ ತೊಂದರೆ ಪತ್ತೆ ಮಾಡುವ ಪಾಠ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬಯಲುಸೀಮೆಗೆ ಸೇರಿದವು. ಇಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಬಿಸಿನೀರಿಲ್ಲದೆ ಸ್ನಾನ ಮಾಡಲು ಯಾರಿಗೂ ಮನಸ್ಸಾಗುವುದಿಲ್ಲ. ಹೀಗಾಗಿ ನಮ್ಮ ಮನೆಗಳಲ್ಲಿ ತಂಪು ಮಾಡುವ ಸಾಧನಗಳೂ ಇವೆ, ಬಿಸಿ ಮಾಡುವ ಸಾಧನಗಳೂ ಇವೆ. ಮಡಕೆ, ಫ್ಯಾನ್, ಫ್ರಿಜ್ ತಂಪಿಗೆ. ಹಂಡೆ ಒಲೆ, ಹೀಟರ್ ಕಾಯಿಲ್, ಮಾಳಿಗೆಯ ಮೇಲಿನ ಸೋಲಾರ್ ಬಿಸಿಗೆ.

ಇವುಗಳಲ್ಲಿ ಯಾವುದಾದರೂ ಸರಿಯಾಗಿ ಕೆಲಸ ಮಾಡದಿದ್ದರೆ ನಾವು ಏನನ್ನುತ್ತೇವೆ? "ಹಾಳಾಯಿತು" ಎನ್ನುತ್ತೇವೆ. ಆದರೆ ಏನು ಹಾಳಾಯಿತು, ಎಲ್ಲಿ ಹಾಳಾಯಿತು ಎಂದು ನೋಡುವವರು ಕಡಿಮೆ. ಅನೇಕ ಸಲ ಸಾಧನ ಹಾಳಾಗಿರುವುದೇ ಇಲ್ಲ. ಶಾಖ ಹೋಗಬೇಕಾದ ದಾರಿಯಲ್ಲಿ ಏನೋ ಒಂದು ಅಡ್ಡ ಬಂದಿರುತ್ತದೆ, ಅಷ್ಟೇ.

ತೋಟಕ್ಕೆ ನೀರು ಬರುತ್ತಿಲ್ಲ ಎಂದುಕೊಳ್ಳಿ. ಆಗ ಮನೆಯ ಹಿರಿಯರು ಏನು ಮಾಡುತ್ತಾರೆ? ಕಾಲುವೆಯ ಉದ್ದಕ್ಕೂ ನಡೆದು, ಎಲ್ಲಿ ಕಸ ಕಟ್ಟಿದೆ, ಎಲ್ಲಿ ಬದು ಒಡೆದು ನೀರು ಪಕ್ಕಕ್ಕೆ ಹೋಗುತ್ತಿದೆ ಎಂದು ನೋಡುತ್ತಾರೆ. ಶಾಖದ ವಿಷಯದಲ್ಲೂ ಹಾಗೆಯೇ ಮಾಡಬೇಕು. ಮೂರು ಪ್ರಶ್ನೆಗಳನ್ನು ಕೇಳಬೇಕು:

1. ಶಾಖ ಎಲ್ಲಿಂದ ಬರುತ್ತಿದೆ?
2. ಅದು ಎಲ್ಲಿಗೆ ಹೋಗಬೇಕು?
3. ದಾರಿಯಲ್ಲಿ ಏನು ಅಡ್ಡ ಬಂದಿದೆ, ಅಥವಾ ಶಾಖ ಎಲ್ಲಿ ಸೋರಿಹೋಗುತ್ತಿದೆ?

ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಒಂದೊಂದೇ ಸಾಧನದ ಹತ್ತಿರ ಹೋಗೋಣ ಬನ್ನಿ.

ಶಾಖದ ದಾರಿಗಳು

ಶಾಖ ಯಾವಾಗಲೂ ತಾನಾಗಿಯೇ ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ. ಅದು ಮೂರು ರೀತಿ ಹರಿಯುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಸಾರಿನ ಪಾತ್ರೆಯಲ್ಲಿಟ್ಟ ಸೌಟಿನ ಹಿಡಿ ಬಿಸಿಯಾಗುವುದು ವಹನದಿಂದ. ಹಂಡೆಯ ತಳದ ನೀರು ಕಾದು ಮೇಲೇರಿ, ಮೇಲಿನ ತಣ್ಣೀರು ಕೆಳಗಿಳಿಯುವುದು ಸಂವಹನ. ಬಿಸಿಲಿನಲ್ಲಿ ನಿಂತಾಗ ಮೈ ಸುಡುವುದು ವಿಕಿರಣದಿಂದ.

ಇವುಗಳ ಜೊತೆಗೆ ಇನ್ನೊಂದು ಸಂಗತಿ ನೆನಪಿಡಿ. ನೀರು ಆವಿಯಾಗುವಾಗ ತನ್ನ ಸುತ್ತಲಿನಿಂದ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಒಣ ಹವೆಯ ಊರುಗಳಲ್ಲಿ ಇದು ತುಂಬಾ ಉಪಕಾರಿ. ಮೊದಲು ಅದನ್ನೇ ನೋಡೋಣ.

ಮಡಕೆ ಏಕೆ ತಣಿಸುವುದನ್ನು ಬಿಟ್ಟಿತು?

"ಈ ಮಡಕೆ ಹಳೇದಾಯ್ತು, ನೀರು ತಣ್ಣಗಾಗೋದೇ ಇಲ್ಲ" ಎಂದು ಅಜ್ಜಿ ಹೇಳುವುದನ್ನು ಕೇಳಿದ್ದೀರಾ? ಮಡಕೆಗೆ ಚಕ್ರವಿಲ್ಲ, ತಂತಿಯಿಲ್ಲ. ಮತ್ತೆ ಅದು ಹಳೆಯದಾದರೆ ಕೆಡುವುದು ಹೇಗೆ?

ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಒಳಗಿನ ನೀರು ಅವುಗಳ ಮೂಲಕ ಜಿನುಗಿ ಹೊರಮೈಗೆ ಬರುತ್ತದೆ. ಅಲ್ಲಿ ಗಾಳಿ ತಾಗಿ ಆವಿಯಾಗುತ್ತದೆ. ಹೋಗುವಾಗ ಮಡಕೆಯ ನೀರಿನಿಂದ ಶಾಖವನ್ನು ಹೊತ್ತೊಯ್ಯುತ್ತದೆ.

ಎಷ್ಟು ಶಾಖ? ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖಕ್ಕೆ ಒಂದು ಕ್ಯಾಲೊರಿ ಎನ್ನುತ್ತೇವೆ. ಅದೇ ಒಂದು ಗ್ರಾಂ ನೀರು ಮಡಕೆಯ ಮೇಲೆ ಆವಿಯಾಗಿ ಹೋಗಲು ಸುಮಾರು 580 ಕ್ಯಾಲೊರಿ ಬೇಕು! ಲೆಕ್ಕ ಮಾಡಿ: ಮಡಕೆಯಲ್ಲಿ 10 ಲೀಟರ್, ಅಂದರೆ 10,000 ಗ್ರಾಂ ನೀರಿದೆ. ಅದರಿಂದ ಒಂದು ಸಣ್ಣ ಲೋಟದಷ್ಟು, 100 ಗ್ರಾಂ ನೀರು ಆವಿಯಾಯಿತು. ಅದು ಒಯ್ದ ಶಾಖ 58,000 ಕ್ಯಾಲೊರಿ. ಅಷ್ಟೂ ಮಡಕೆಯ ನೀರಿನಿಂದಲೇ ಹೋದರೆ ಆ ನೀರು ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಸ್ವಲ್ಪ ಶಾಖ ಸುತ್ತಲಿನ ಗಾಳಿಯಿಂದಲೂ ಬರುವುದರಿಂದ ನಿಜವಾಗಿ ಇದಕ್ಕಿಂತ ತುಸು ಕಡಿಮೆ.

ಈಗ ಮೂರನೇ ಪ್ರಶ್ನೆ ಕೇಳಿ. ದಾರಿಯಲ್ಲಿ ಏನು ಅಡ್ಡ ಬಂದಿದೆ? ಹಳೆಯ ಮಡಕೆಯ ಹೊರಮೈ ನೋಡಿ. ಬಿಳಿ ಬಿಳಿ ಪದರ ಕಾಣುತ್ತದೆ. ನಮ್ಮ ಕಡೆ ಕುಡಿಯಲು, ತೊಳೆಯಲು ಬಹುಪಾಲು ಕೊಳವೆ ಬಾವಿಯ ನೀರೇ ಆಧಾರ. ಬಂಡೆಗಳ ಬಿರುಕಿನಲ್ಲಿ ಬಹಳ ಕಾಲ ನಿಂತ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇದನ್ನೇ ಗಡಸು ನೀರು ಎನ್ನುವುದು. ನೀರು ಆವಿಯಾಗಿ ಹೋಗುತ್ತದೆ, ಲವಣ ಹೋಗುವುದಿಲ್ಲ. ಅದು ರಂಧ್ರಗಳಲ್ಲೇ ಕುಳಿತು ಬಾಯಿ ಮುಚ್ಚಿಬಿಡುತ್ತದೆ. ನೀರು ಜಿನುಗದು, ಆವಿಯಾಗದು, ತಣ್ಣಗಾಗದು.

ರಿಪೇರಿ ಹೇಗೆ? ಮಡಕೆ ಖಾಲಿ ಮಾಡಿ ತೆಂಗಿನ ನಾರಿನಿಂದ ಒಳಗೂ ಹೊರಗೂ ಉಜ್ಜಿ. ನಿಂಬೆರಸ ಅಥವಾ ಹುಣಸೆ ಹುಳಿ ಬೆರೆಸಿದ ನೀರು ಸವರಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆದು ಬಿಸಿಲಿಗೆ ಇಡಿ. ಸೋಪು ಹಾಕಬೇಡಿ, ಅದು ರಂಧ್ರದೊಳಗೆ ಉಳಿದು ನೀರಿಗೆ ವಾಸನೆ ಬರುತ್ತದೆ. ಇಷ್ಟಾದರೂ ಜಿನುಗದಿದ್ದರೆ ಆ ಮಡಕೆಯನ್ನು ಕಾಳು ತುಂಬಿಡಲು ಬಳಸಬಹುದು.

ಮಡಕೆ ಹೊಸದಾಗಿದ್ದೂ ನೀರು ತಣ್ಣಗಾಗದಿದ್ದರೆ? ಅದು ಗಾಳಿಯಾಡದ ಮೂಲೆಯಲ್ಲಿರಬಹುದು. ಅದರ ಮೈಗೆ ಎಣ್ಣೆ ಬಣ್ಣ ಬಳಿದಿರಬಹುದು. ಅಥವಾ ಅದು ಮಳೆಗಾಲವಾಗಿರಬಹುದು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ನೀರು ಬೇಗ ಆವಿಯಾಗುವುದಿಲ್ಲ. ಪಾವಗಡದಲ್ಲಿ ಬೇಸಿಗೆಯಲ್ಲಿ ಚೆನ್ನಾಗಿ ತಣಿಸುವ ಮಡಕೆ ಮಂಗಳೂರಿನ ಕಡಲತೀರದಲ್ಲಿ ಅಷ್ಟು ತಣಿಸದು. ತಪ್ಪು ಮಡಕೆಯದಲ್ಲ.

ಮಾಡಿ ನೋಡಿ: ಹಳೆಯ ಮಡಕೆಯಿಂದಲೋ ನೀರು ಕಾಯಿಸುವ ಪಾತ್ರೆಯಿಂದಲೋ ಬಿಳಿ ಪದರವನ್ನು ಸ್ವಲ್ಪ ಕೆರೆದು ತಟ್ಟೆಗೆ ಹಾಕಿ. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ. ಸಣ್ಣ ಗುಳ್ಳೆಗಳು ಬಂದರೆ ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ ಎಂದು ತಿಳಿಯಿರಿ. ಗುಳ್ಳೆಯೊಳಗಿರುವುದು ಇಂಗಾಲದ ಡೈಆಕ್ಸೈಡ್.

ಹಂಡೆ ಒಲೆ: ಸೌದೆಯ ಶಾಖ ಎಲ್ಲಿ ಹೋಯಿತು?

ಅಡುಗೆಗೆ ಗ್ಯಾಸ್ ಬಂದ ಮೇಲೂ ಅನೇಕ ಮನೆಗಳಲ್ಲಿ ಸ್ನಾನದ ನೀರು ಕಾಯುವುದು ಸೌದೆಯಿಂದಲೇ. ತೆಂಗಿನ ಮಟ್ಟೆ, ಗರಿ, ಜಾಲಿ ಕಟ್ಟಿಗೆ ಯಾವುದು ಸಿಕ್ಕರೆ ಅದು.

ಒಬ್ಬರ ಸ್ನಾನಕ್ಕೆ 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಬೇಕು ಎನ್ನೋಣ. 20 ಕಿಲೋ ನೀರು, 20 ಡಿಗ್ರಿ ಏರಿಕೆ. ಬೇಕಾದ ಶಾಖ 400 ಕಿಲೋ ಕ್ಯಾಲೊರಿ. ಒಂದು ಕಿಲೋ ಒಣ ಸೌದೆ ಉರಿದರೆ ಸುಮಾರು 4,000 ಕಿಲೋ ಕ್ಯಾಲೊರಿ ಶಾಖ ಬರುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಸೇರುವುದಾದರೆ 100 ಗ್ರಾಂ ಸೌದೆ ಸಾಕು. ಒಂದು ಹಿಡಿ ಪುಳ್ಳೆ!

ನಿಮ್ಮ ಮನೆಯಲ್ಲಿ ಅಷ್ಟರಲ್ಲಿ ನೀರು ಕಾಯುತ್ತದೆಯೇ? ಇಲ್ಲ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಸೌದೆಯ ಶಾಖದ ಐದರಲ್ಲಿ ಒಂದು ಪಾಲು ಪಾತ್ರೆಗೆ ಸೇರುವುದೂ ಕಷ್ಟ. ಉಳಿದದ್ದು ಗೋಡೆಗೆ, ಗಾಳಿಗೆ, ಹೊಗೆಗೆ. ಆ ಹೊಗೆ ಒಲೆಯ ಮುಂದೆ ಕುಳಿತವರ ಕಣ್ಣಿಗೆ ಮತ್ತು ಎದೆಗೆ. ಸೌದೆ ಹೊತ್ತು ತಂದವರೂ ಅವರೇ, ಹೊಗೆ ಕುಡಿಯುವವರೂ ಅವರೇ.

ಈ ಪ್ರಶ್ನೆಯನ್ನು ನಮ್ಮದೇ ಜಿಲ್ಲೆಯಲ್ಲಿ ಕುಳಿತು ಬಿಡಿಸಲು ಹೊರಟವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ತರುವುದು ಅದರ ಗುರಿ. ಅದನ್ನು ಕಟ್ಟಿದವರು ಪ್ರೊ. ಎ.ಕೆ.ಎನ್. ರೆಡ್ಡಿ. ಇವರ ತಂಡ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಕೇಂದ್ರ ತೆರೆಯಿತು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಅಳೆದು ನೋಡಿದಾಗ, ಬಹುಪಾಲು ಶಕ್ತಿ ಸೌದೆಯಿಂದ ಬರುತ್ತಿತ್ತು, ಅದು ಒಲೆಯಲ್ಲಿ ಉರಿದುಹೋಗುತ್ತಿತ್ತು. ಆಮೇಲೆ ರೂಪುಗೊಂಡದ್ದೇ 'ಅಸ್ತ್ರ ಒಲೆ'. ಸೌದೆಯ ಕೆಳಗೆ ಗಾಳಿ ಬರಲು ಕಂಬಿಯ ಜಾಲರಿ, ಬೆಂಕಿ ಒಂದರ ನಂತರ ಒಂದು ಪಾತ್ರೆಯ ತಳವನ್ನು ಮುಟ್ಟಿಕೊಂಡು ಹೋಗಲು ಸಾಲಾಗಿ ಮೂರು ಬಾಯಿ, ಕೊನೆಗೆ ಹೊಗೆ ಹೊರಹೋಗಲು ಚಿಮಣಿ. ಶಾಖಕ್ಕೆ ಸರಿಯಾದ ದಾರಿ ಕಟ್ಟಿಕೊಟ್ಟದ್ದೇ ಇದರ ಗುಟ್ಟು.

ಇಡೀ ದೇಶದಲ್ಲಿ ಸುಧಾರಿತ ಒಲೆಗಳನ್ನು ಹಂಚುವ ಸರ್ಕಾರದ ಕಾರ್ಯಕ್ರಮ 1983ರಿಂದ 2002ರವರೆಗೆ ನಡೆಯಿತು. ಆಗ ಕಟ್ಟಿದ ಒಲೆಗಳಲ್ಲಿ ಎಷ್ಟೋ ಒಲೆಗಳು ಬಹಳ ದಿನ ಬಾಳಲಿಲ್ಲ. ಚಿಮಣಿಯಲ್ಲಿ ಮಸಿ ಕಟ್ಟಿತು, ಜಾಲರಿ ಬೂದಿಯಿಂದ ಮುಚ್ಚಿತು, ಒಡೆದ ಕಡೆ ಮಣ್ಣು ಮೆತ್ತುವವರಿರಲಿಲ್ಲ. ಹೊಗೆ ಮತ್ತೆ ಮನೆಯೊಳಗೆ ತಿರುಗಿತು. ಒಳ್ಳೆಯ ಸಾಧನ ತಂದರಷ್ಟೇ ಸಾಲದು. ಅದನ್ನು ನೋಡಿಕೊಳ್ಳುವುದನ್ನೂ ಕಲಿಯಬೇಕು.

ನಿಮ್ಮ ಬಚ್ಚಲುಮನೆಯ ಒಲೆಯನ್ನು ಹೀಗೆ ಪರೀಕ್ಷಿಸಿ. ಒಲೆ ಪೂರ್ತಿ ಆರಿರಬೇಕು, ದೊಡ್ಡವರು ಜೊತೆಗಿರಬೇಕು.

ಹೊಗೆ ಹಿಂದಕ್ಕೆ ಬರುತ್ತಿದ್ದರೆ: ಚಿಮಣಿಯಲ್ಲಿ ಮಸಿ ಕಟ್ಟಿದೆ. ಉದ್ದ ಕೋಲಿಗೆ ಗೋಣಿ ಸುತ್ತಿ ಮೇಲಿನಿಂದ ತಿರುವಿ ತೆಗೆಯಬೇಕು. ಚಿಮಣಿಯ ಕೆಲಸ ದೊಡ್ಡವರದು.

ಬೆಂಕಿ ಚೆನ್ನಾಗಿ ಹತ್ತದಿದ್ದರೆ: ಒಲೆಯೊಳಗೆ ಬೂದಿ ತುಂಬಿದೆ, ಗಾಳಿಗೆ ದಾರಿಯಿಲ್ಲ. ಅಥವಾ ಸೌದೆ ಹಸಿ. ಹಸಿ ಸೌದೆಯೊಳಗಿನ ನೀರು ಆವಿಯಾಗಲು ಬೆಂಕಿಯಿಂದಲೇ ಶಾಖ ಕದಿಯುತ್ತದೆ. ಮಡಕೆಯಲ್ಲಿ ಉಪಕಾರ ಮಾಡಿದ ಆವಿ ಇಲ್ಲಿ ಅಪಕಾರ ಮಾಡುತ್ತದೆ!

ಉರಿ ಪಕ್ಕದಿಂದ ಹೊರಗೆ ಬರುತ್ತಿದ್ದರೆ: ಹಂಡೆಗೂ ಒಲೆಗೂ ನಡುವೆ ಸಂದು ಬಿಟ್ಟಿದೆ. ಮಣ್ಣು ಕಲಸಿ ಮೆತ್ತಬೇಕು.

ಉರಿ ಜೋರಾಗಿದ್ದರೂ ನೀರು ನಿಧಾನವಾಗಿ ಕಾದರೆ: ಹಂಡೆಯ ತಳದ ಹೊರಗೆ ಮಸಿ, ಒಳಗೆ ಬಿಳಿ ಪದರ ದಪ್ಪವಾಗಿ ಕಟ್ಟಿದೆ. ತಾಮ್ರ ಬಹಳ ಒಳ್ಳೆಯ ವಾಹಕ. ಈ ಬಿಳಿ ಪದರ ತಾಮ್ರಕ್ಕಿಂತ ನೂರಾರು ಪಟ್ಟು ಕಡಿಮೆ ಶಾಖ ಸಾಗಿಸುತ್ತದೆ. ಹಬ್ಬದ ಮುಂಚೆ ಹುಣಸೆ ಹುಳಿ ಹಾಕಿ ಹಂಡೆ ಬೆಳಗುವುದು ಚೆಂದಕ್ಕೆ ಮಾತ್ರ ಎಂದುಕೊಂಡಿದ್ದಿರಾ? ಒಳಗಿನ ಪದರವನ್ನೂ ಅದೇ ಹುಳಿಯಿಂದ ತೆಗೆದರೆ ಸೌದೆಯೂ ಉಳಿಯುತ್ತದೆ.

ಹೀಟರ್ ಕಾಯಿಲ್: ದಾರಿ ಕಟ್ಟಿದರೆ ಅಪಾಯ

ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲ್ ನೋಡಿದ್ದೀರಿ. ಲೋಹದ ಕೊಳವೆಯ ಒಳಗೆ ತೆಳುವಾದ ತಂತಿ ಇದೆ. ವಿದ್ಯುತ್ ಹರಿದಾಗ ತಂತಿ ಕಾಯುತ್ತದೆ. ತಂತಿಗೂ ಕೊಳವೆಗೂ ನಡುವೆ ವಿದ್ಯುತ್ತನ್ನು ತಡೆದು ಶಾಖವನ್ನು ಮಾತ್ರ ಬಿಡುವ ಬಿಳಿ ಪುಡಿ ತುಂಬಿರುತ್ತಾರೆ. 1,500 ವಾಟ್ ಕಾಯಿಲ್ ನಾವು ಮೇಲೆ ಲೆಕ್ಕ ಹಾಕಿದ 20 ಲೀಟರ್ ನೀರನ್ನು ಸುಮಾರು 20 ನಿಮಿಷದಲ್ಲಿ ಕಾಯಿಸಬಲ್ಲದು. ವೋಲ್ಟೇಜ್ ಕಡಿಮೆಯಿದ್ದರೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಗಡಸು ನೀರಿನಿಂದ ಕಾಯಿಲ್ ಮೇಲೂ ಬಿಳಿ ಪದರ ಕಟ್ಟುತ್ತದೆ. ಇಲ್ಲಿ ಒಂದು ಮುಖ್ಯ ವ್ಯತ್ಯಾಸ ಗಮನಿಸಿ. ಹಂಡೆಯಲ್ಲಿ ದಾರಿ ಕಟ್ಟಿದರೆ ಶಾಖ ಚಿಮಣಿಯ ಕಡೆ ಹೋಗಿಬಿಡುತ್ತದೆ; ನಷ್ಟವಾಗುವುದು ಸೌದೆ. ಕಾಯಿಲ್‌ನಲ್ಲಿ ಶಾಖಕ್ಕೆ ಬೇರೆ ದಾರಿಯೇ ಇಲ್ಲ. ಅದು ಒಳಗೇ ಸೇರುತ್ತಾ ತಂತಿಯನ್ನು ಅತಿಯಾಗಿ ಕಾಯಿಸುತ್ತದೆ. ಕೊನೆಗೆ ತಂತಿ ಸುಟ್ಟುಹೋಗುತ್ತದೆ, ಇಲ್ಲವೇ ಕೊಳವೆ ಬಿರುಕು ಬಿಡುತ್ತದೆ. ಬಿರುಕಿನಿಂದ ವಿದ್ಯುತ್ ನೀರಿಗೆ ಇಳಿಯುತ್ತದೆ. ಆ ನೀರಿಗೆ ಕೈ ಹಾಕಿದವರ ಪ್ರಾಣಕ್ಕೇ ಅಪಾಯ.

ಎಚ್ಚರ:
- ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಬಿಸಿಯಾಗಿದೆಯೇ ಎಂದು ಬೆರಳು ಅದ್ದಿ ನೋಡುವ ಅಭ್ಯಾಸ ಬೇಡವೇ ಬೇಡ.
- ಕಾಯಿಲ್ ನೀರಿನಲ್ಲಿ ಗುರುತಿನವರೆಗೆ ಮುಳುಗಿದ ಮೇಲೆ ಸ್ವಿಚ್ ಹಾಕಬೇಕು. ನೀರಿಲ್ಲದೆ ಹಾಕಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.
- ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿ ಅರ್ಥಿಂಗ್‌ಗೆ. ಅದನ್ನು ಕಿತ್ತು ಎರಡು ಕಡ್ಡಿಯಲ್ಲಿ ಸಿಕ್ಕಿಸಬಾರದು.
- ನೀರೋ ನಲ್ಲಿಯೋ ಮುಟ್ಟಿದಾಗ 'ಜುಂ' ಎಂದರೆ ಕೂಡಲೇ ಕೈ ತೆಗೆದು ದೊಡ್ಡವರಿಗೆ ಹೇಳಿ. ಮೇನ್ ಸ್ವಿಚ್ ಆರಿಸಬೇಕು. ಬಿರುಕು ಬಿಟ್ಟ ಕಾಯಿಲ್‌ಗೆ ರಿಪೇರಿ ಇಲ್ಲ. ಅದನ್ನು ಎಸೆಯುವುದೇ ಸರಿ.

ಮಾಳಿಗೆಯ ಮೇಲಿನ ಸೋಲಾರ್

ಸೋಲಾರ್ ನೀರಿನ ಹೀಟರ್‌ನಲ್ಲಿ ಬೆಂಕಿಯೂ ಇಲ್ಲ, ಪಂಪೂ ಇಲ್ಲ. ಕಪ್ಪು ಕೊಳವೆಗಳು ಬಿಸಿಲನ್ನು ಹೀರುತ್ತವೆ. ಒಳಗಿನ ನೀರು ಕಾದು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ತಣ್ಣೀರು ಕೆಳಗಿಳಿಯುತ್ತದೆ. ಇದು ಸಂವಹನ. ಅದಕ್ಕೇ ಟ್ಯಾಂಕ್ ಮೇಲೆ, ಕೊಳವೆಗಳು ಕೆಳಗೆ. ನಾವು ಭೂಮಧ್ಯರೇಖೆಯ ಉತ್ತರದಲ್ಲಿದ್ದೇವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹೀಗಾಗಿ ಕೊಳವೆಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಇಡುತ್ತಾರೆ.

ಬಿಸಿನೀರು ಬರುತ್ತಿಲ್ಲವೇ? ಮೊದಲು ಗಡಿಯಾರ ನೋಡಿ! ಬಿಸಿಲಿದ್ದ ದಿನ ಸಂಜೆ ನಲ್ಲಿ ತಿರುಗಿಸಿ. ನೀರು ಸಂಜೆ ಬಿಸಿಯಾಗಿದ್ದು ಬೆಳಿಗ್ಗೆ ತಣ್ಣಗಿದ್ದರೆ ಶಾಖ ರಾತ್ರಿ ಸೋರಿದೆ. ಟ್ಯಾಂಕಿನ ಅಥವಾ ಪೈಪಿನ ಹೊದಿಕೆ ಕಿತ್ತಿರಬಹುದು, ಇಲ್ಲವೇ ಯಾವುದೋ ನಲ್ಲಿ ತೊಟ್ಟಿಕ್ಕುತ್ತಾ ಬಿಸಿನೀರು ಖಾಲಿಯಾಗಿರಬಹುದು. ಸಂಜೆಯೇ ಬಿಸಿ ಇಲ್ಲದಿದ್ದರೆ ಶಾಖ ಒಳಗೆ ಬಂದೇ ಇಲ್ಲ. ಗಾಜಿನ ಮೇಲೆ ದೂಳು ಕೂತಿದೆಯೇ? ಪಕ್ಕದ ಬೇವಿನ ಮರ ಬೆಳೆದು ನೆರಳು ಬೀಳುತ್ತಿದೆಯೇ? ಕೊಳವೆಯೊಳಗೆ ಬಿಳಿ ಪದರ ಕಟ್ಟಿದೆಯೇ?

ಜೋಡಿ ಗಾಜಿನ ಕೊಳವೆಗಳಿದ್ದರೆ ಇನ್ನೊಂದು ಗುರುತು ಇದೆ. ಎರಡು ಗಾಜುಗಳ ನಡುವಿನ ಗಾಳಿಯನ್ನು ತೆಗೆದು ನಿರ್ವಾತ ಮಾಡಿರುತ್ತಾರೆ. ಗಾಳಿಯಿಲ್ಲದ ಕಡೆ ವಹನವೂ ಇಲ್ಲ, ಸಂವಹನವೂ ಇಲ್ಲ. ಕೊಳವೆಯ ಕೆಳತುದಿ ಕನ್ನಡಿಯಂತೆ ಬೆಳ್ಳಿ ಬಣ್ಣಕ್ಕೆ ಹೊಳೆಯುತ್ತಿರುತ್ತದೆ. ಸೂಕ್ಷ್ಮ ಬಿರುಕಿನಿಂದ ಗಾಳಿ ನುಗ್ಗಿದರೆ ಆ ತುದಿ ಹಾಲಿನಂತೆ ಬಿಳಿಯಾಗುತ್ತದೆ. ಹಾಗಾದ ಕೊಳವೆಯನ್ನು ಮಾತ್ರ ಬದಲಿಸಿದರೆ ಸಾಕು, ಇಡೀ ಹೀಟರನ್ನಲ್ಲ.

ಪಾವಗಡ ತಾಲ್ಲೂಕಿನ ಮಕ್ಕಳು ಕೇಳಬಹುದು: "ತಿರುಮಣಿಯ ಸೋಲಾರ್ ಪಾರ್ಕಿನಲ್ಲೂ ಹೀಗೆಯೇ ನೀರು ಕಾಯುತ್ತದೆಯೇ?" ಇಲ್ಲ. 2018ರಲ್ಲಿ ಉದ್ಘಾಟನೆಯಾದ, ಸುಮಾರು 13,000 ಎಕರೆಯ 2,050 ಮೆಗಾವಾಟ್ ಸಾಮರ್ಥ್ಯದ ಆ 'ಶಕ್ತಿಸ್ಥಳ'ದ ಫಲಕಗಳು ಬೆಳಕಿನಿಂದ ನೇರವಾಗಿ ವಿದ್ಯುತ್ ಮಾಡುತ್ತವೆ. ಅವಕ್ಕೆ ಬೇಕಾದದ್ದು ಬೆಳಕು. ಫಲಕ ಹೆಚ್ಚು ಬಿಸಿಯಾದರೆ ವಿದ್ಯುತ್ ಸ್ವಲ್ಪ ಕಡಿಮೆಯೇ ಆಗುತ್ತದೆ. ಆದರೆ ಒಂದು ಮಾತು ಎರಡಕ್ಕೂ ಒಂದೇ: ದೂಳು ಕೂತರೆ ಕೆಲಸ ಕುಂದುತ್ತದೆ.

ಫ್ಯಾನ್ ತಿರುಗುತ್ತದೆ, ಸೆಕೆ ಹೋಗದು

ಫ್ಯಾನ್ ಗಾಳಿಯನ್ನು ತಂಪು ಮಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಅದು ಗಾಳಿಯನ್ನು ಚಲಿಸುವಂತೆ ಮಾಡುತ್ತದೆ, ಅಷ್ಟೇ. ಚಲಿಸುವ ಗಾಳಿ ನಮ್ಮ ಮೈಮೇಲಿನ ಬೆವರನ್ನು ಬೇಗ ಆವಿ ಮಾಡುತ್ತದೆ. ನಮ್ಮ ಮೈಯೂ ಮಡಕೆಯಂತೆಯೇ!

ಮಾಡಿ ನೋಡಿ: ಶಾಲೆಯ ಪ್ರಯೋಗದ ಉಷ್ಣತಾಮಾಪಕವನ್ನು ಫ್ಯಾನ್ ಕೆಳಗೆ ಹಿಡಿಯಿರಿ. (ಜ್ವರ ನೋಡುವ ಉಷ್ಣತಾಮಾಪಕ ಬೇಡ.) ಉಷ್ಣತೆ ಇಳಿಯುವುದಿಲ್ಲ. ಈಗ ಅದರ ಬುರುಡೆಗೆ ಒದ್ದೆ ಹತ್ತಿ ಸುತ್ತಿ ಹಿಡಿಯಿರಿ. ಎಷ್ಟು ಡಿಗ್ರಿ ಇಳಿಯಿತು? ಇದನ್ನು ಏಪ್ರಿಲ್‌ನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಮಾಡಿ ಹೋಲಿಸಿ.

ಫ್ಯಾನ್ ನಿಧಾನವಾದರೆ ಮೊದಲು ಬಲ್ಬಿನ ಕಡೆ ನೋಡಿ. ಬಲ್ಬೂ ಮಂಕಾಗಿದ್ದು, ಪಕ್ಕದ ಮನೆಯ ಫ್ಯಾನೂ ನಿಧಾನವಾಗಿದ್ದರೆ ವೋಲ್ಟೇಜ್ ಕಡಿಮೆಯಾಗಿದೆ. ನಮ್ಮ ಫ್ಯಾನ್ ಒಂದೇ ನಿಧಾನವಾಗಿ, ಗುಂಯ್ ಎನ್ನುತ್ತಾ ತಿರುಗಲು ತಿಣುಕುತ್ತಿದ್ದರೆ ಕೆಪಾಸಿಟರ್ ಕ್ಷೀಣಿಸಿರಬಹುದು. ಇದು ಮೋಟಾರಿಗೆ ತಿರುಗುವ ಬಲ ಕೊಡುವ ಸಣ್ಣ ಭಾಗ. ಹೊಸದು ಹಾಕಿದರೆ ಫ್ಯಾನ್ ಮೊದಲಿನಂತಾಗುತ್ತದೆ. ಆದರೆ ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ಆದ್ದರಿಂದ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಬೇಕು. ಗಿರಗಿರ ಸದ್ದು ಬಂದರೆ ಬೇರಿಂಗ್ ಸವೆದಿದೆ. ಫ್ಯಾನ್ ಓಲಾಡಿದರೆ ರೆಕ್ಕೆ ಬಾಗಿದೆ ಅಥವಾ ಸ್ಕ್ರೂ ಸಡಿಲವಾಗಿದೆ. ಕೂಡಲೇ ಆರಿಸಿ ದೊಡ್ಡವರಿಗೆ ತಿಳಿಸಿ.

ಫ್ರಿಜ್: ಬಿಸಿಯನ್ನು ಹೊರಹಾಕುವ ಪೆಟ್ಟಿಗೆ

ಶಾಖ ತಾನಾಗಿ ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ಹೋಗುವುದಿಲ್ಲ. ಬಾವಿಯ ನೀರನ್ನು ಮೇಲೆತ್ತಲು ಪಂಪು ಬೇಕಾದಂತೆ, ಶಾಖವನ್ನು ಒಳಗಿನಿಂದ ಹೊರಕ್ಕೆ ತಳ್ಳಲು ಫ್ರಿಜ್ಜಿಗೆ ಕಂಪ್ರೆಸರ್ ಬೇಕು. ಒಳಗಿನ ಕೊಳವೆಯಲ್ಲಿ ಒಂದು ದ್ರವ ಆವಿಯಾಗುತ್ತಾ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗೆ ಕಳಿಸುತ್ತದೆ. ಅಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಅದಕ್ಕೇ ಫ್ರಿಜ್ಜಿನ ಹಿಂಬದಿ ಅಥವಾ ಪಕ್ಕ ಬಿಸಿಯಾಗಿರುತ್ತದೆ. ಅದು ರೋಗವಲ್ಲ, ಕೆಲಸ ನಡೆಯುತ್ತಿರುವ ಗುರುತು.

ಫ್ರಿಜ್ ಸರಿಯಾಗಿ ತಣಿಸದಿದ್ದರೆ ಗ್ಯಾಸ್ ಹೋಗಿದೆ ಎನ್ನುವ ಮೊದಲು ಮೂರು ಕಡೆ ನೋಡಿ. ಗೋಡೆಗೆ ಅಂಟಿಸಿ ಇಟ್ಟಿದ್ದೀರಾ? ಶಾಖ ಹೋಗಲು ಹಿಂದೆ ಜಾಗ ಬೇಕು. ಹಿಂಬದಿಯ ಕೊಳವೆಗಳ ಮೇಲೆ ದೂಳು, ಜೇಡರ ಬಲೆ ತುಂಬಿದೆಯೇ? ಪ್ಲಗ್ ಕಿತ್ತು ದೊಡ್ಡವರು ಒರೆಸಬೇಕು. ಬಾಗಿಲಿನ ರಬ್ಬರ್ ಬಿಗಿಯಾಗಿದೆಯೇ? ಒಂದು ಕಾಗದದ ಚೂರನ್ನು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಬಿಸಿಗಾಳಿ ಒಳನುಗ್ಗುತ್ತಿದೆ. ಇವೆಲ್ಲ ಸರಿಯಿದ್ದೂ ತಣ್ಣಗಾಗದಿದ್ದರೆ ಮಾತ್ರ ಮೆಕ್ಯಾನಿಕ್‌ನನ್ನು ಕರೆಯಬೇಕು. ಕಟ್ಟಿದ ಮಂಜುಗಡ್ಡೆಯನ್ನು ಚಾಕುವಿನಿಂದ ಕೆರೆಯಬಾರದು. ತೆಳು ಕೊಳವೆ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ!

ಮನೆಯೇ ಕಾದರೆ?

ಮಧುಗಿರಿಯ ಏಕಶಿಲಾ ಬೆಟ್ಟದ ಬಂಡೆಯನ್ನು ಬೇಸಿಗೆಯ ಸಂಜೆ ಮುಟ್ಟಿ ನೋಡಿ. ಸೂರ್ಯ ಮುಳುಗಿದ ಮೇಲೂ ಬಿಸಿ. ಹಗಲೆಲ್ಲ ಕೂಡಿಟ್ಟ ಶಾಖವನ್ನು ಅದು ಸಂಜೆ ಬಿಟ್ಟುಕೊಡುತ್ತದೆ. ನಮ್ಮ ಕಲ್ಲು ಚಪ್ಪಡಿಯ ಮನೆ, ತಾರಸಿ ಮನೆಗಳೂ ಹೀಗೆಯೇ. ಆದ್ದರಿಂದ ಹಗಲು ಕಿಟಕಿ ಮುಚ್ಚಿ, ಸಂಜೆ ತೆರೆದರೆ ಒಳಗಿನ ಶಾಖಕ್ಕೆ ಹೊರಹೋಗಲು ದಾರಿಯಾಗುತ್ತದೆ. ಶೀಟಿನ ಮನೆಯ ತೊಂದರೆ ಬೇರೆ. ತೆಳು ಶೀಟು ಬೇಗ ಕಾದು ಶಾಖವನ್ನು ನೇರ ಕೆಳಗೆ ಸುರಿಯುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರೆ ನೆರಳಾಗುತ್ತದೆ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಅದು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಕಣ್ಣಿಗೆ ಕಾಣದ ಅಪಾಯ

ಇದುವರೆಗೆ ಶಾಖದ ದಾರಿ ನೋಡಿದೆವು. ಬೆಂಕಿ ಉರಿಯುವ ಕಡೆ ಗಾಳಿಯ ದಾರಿಯನ್ನೂ ನೋಡಲೇಬೇಕು. ಸಾಕಷ್ಟು ಗಾಳಿ ಸಿಗದಿದ್ದರೆ ಬೆಂಕಿಯಿಂದ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಪ್ರಾಣ ತೆಗೆಯಬಲ್ಲದು.

ಆದ್ದರಿಂದ ಚಳಿಯೆಂದು ಕೆಂಡದ ಬಾಣಲೆ ಒಳಗಿಟ್ಟು ಬಾಗಿಲು ಮುಚ್ಚಿ ಮಲಗಬಾರದು. ಗ್ಯಾಸ್ ಗೀಸರ್ ಇರುವ ಸ್ನಾನದ ಮನೆಗೆ ಗಾಳಿಯಾಡುವ ಕಿಂಡಿ ಇರಲೇಬೇಕು, ಅದನ್ನು ಮುಚ್ಚಬಾರದು. ಗ್ಯಾಸಿನ ಉರಿ ನೀಲಿಯಾಗಿರಬೇಕು. ಹಳದಿಯಾಗಿ ಮಸಿ ಬರುತ್ತಿದ್ದರೆ ಬರ್ನರ್ ಕೊಳೆಯಾಗಿದೆ, ಗಾಳಿ ಸಾಲದು ಎಂದು ಅರ್ಥ. ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೂಡಲೇ ಬಾಗಿಲು ತೆರೆದು ಹೊರಗೆ ಬನ್ನಿ.

ಯಾರ ಕೆಲಸ ಯಾರಿಗೆ?

ನೀವೇ ಮಾಡಬಹುದಾದದ್ದು: ಮಡಕೆ ಉಜ್ಜುವುದು, ಮಡಕೆಗೆ ಗಾಳಿಯಾಡುವ ಜಾಗ ಹುಡುಕುವುದು, ಸೌದೆ ಒಣಗಿಸುವುದು, ಫ್ರಿಜ್ ಬಾಗಿಲಿಗೆ ಕಾಗದದ ಪರೀಕ್ಷೆ, ಸೋಲಾರ್ ನೀರನ್ನು ಸಂಜೆ-ಬೆಳಿಗ್ಗೆ ಹೋಲಿಸುವುದು.

ದೊಡ್ಡವರ ಜೊತೆ ಮಾಡುವುದು: ಆರಿದ ಒಲೆಯ ಬೂದಿ ತೆಗೆಯುವುದು, ಒಲೆಗೆ ಮಣ್ಣು ಮೆತ್ತುವುದು, ಹಂಡೆಯ ಒಳಪದರ ತೆಗೆಯುವುದು, ಸೋಲಾರ್ ಗಾಜು ಒರೆಸುವುದು.

ತಿಳಿದವರೇ ಮಾಡಬೇಕಾದದ್ದು: ವಿದ್ಯುತ್ ತಂತಿ, ಕೆಪಾಸಿಟರ್, ಅರ್ಥಿಂಗ್, ಫ್ರಿಜ್ಜಿನ ಗ್ಯಾಸ್, ಗ್ಯಾಸ್ ಗೀಸರ್.

ಮೂರನೆಯ ಗುಂಪಿನ ಕೆಲಸವನ್ನು ನೀವು ಮಾಡುವಂತಿಲ್ಲ. ಆದರೆ ಏನು ತೊಂದರೆ, ಯಾವಾಗಿನಿಂದ, ಯಾವ ಲಕ್ಷಣ ಎಂದು ಸರಿಯಾಗಿ ಹೇಳಬಲ್ಲಿರಿ. ಅದು ಅರ್ಧ ರಿಪೇರಿ ಮಾಡಿದಂತೆಯೇ.

ಅಭ್ಯಾಸ

1. 15 ಲೀಟರ್ ನೀರನ್ನು 24 ಡಿಗ್ರಿಯಿಂದ 44 ಡಿಗ್ರಿಗೆ ಕಾಯಿಸಲು ಎಷ್ಟು ಕಿಲೋ ಕ್ಯಾಲೊರಿ ಬೇಕು? ಒಲೆಯ ಶಾಖದ ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿಗೆ ಸೇರಿದರೆ ಎಷ್ಟು ಸೌದೆ ಬೇಕು? ಐದರಲ್ಲಿ ಒಂದು ಪಾಲು ಸೇರಿದರೆ ಎಷ್ಟು?
2. ಸೆಕೆಯಾಗುತ್ತಿದೆ ಎಂದು ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಣ್ಣಗಾಗುತ್ತದೆಯೇ? ಶಾಖ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಚಿತ್ರ ಬರೆದು ಉತ್ತರಿಸಿ.
3. ಬಿಳಿ ಪದರದಿಂದ ಮಡಕೆ, ಹಂಡೆ, ಕಾಯಿಲ್ ಮೂರಕ್ಕೂ ತೊಂದರೆ. ಒಂದೊಂದರಲ್ಲೂ ತೊಂದರೆ ಹೇಗೆ ಬೇರೆ? ಯಾವುದರಲ್ಲಿ ಪ್ರಾಣಾಪಾಯವಿದೆ? ಏಕೆ?
4. ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ ಸ್ನಾನದ ನೀರು ಹೇಗೆ ಕಾಯುತ್ತದೆ ಎಂದು ಕೇಳಿ ಪಟ್ಟಿ ಮಾಡಿ. ಚಿಮಣಿ ಇರುವ ಒಲೆ ಎಷ್ಟು? ಅದನ್ನು ಕೊನೆಯ ಸಲ ಶುಚಿ ಮಾಡಿದ್ದು ಯಾವಾಗ? ಪಟ್ಟಿಯನ್ನು ತರಗತಿಯಲ್ಲಿ ಓದಿ ಚರ್ಚಿಸಿ.